ಕ್ರಾಸ್ ಸ್ಟಿಚ್ ಚಾರ್ಟ್ ಮೇಲೆ ಉಜ್ಜಿದ್ರೆ ಅಳಿಸೋ ಹೈಲೈಟರ್ ಬಳಸ್ಬೇಡಿ, ನನ್ನ ಮೂರು ತಿಂಗಳ ಗುರುತು ಒಂದೇ ಮಧ್ಯಾಹ್ನಕ್ಕೆ ಹೋಯ್ತು

ಕ್ರಾಸ್ ಸ್ಟಿಚ್ ಹಾಕೋರು, ಉಲ್ಲನ್ ಹೆಣೆಯೋರು, ಚಾರ್ಟ್ (ಒಂದು ಚೌಕಕ್ಕೆ ಒಂದು ಹೊಲಿಗೆ ಅಂತ ಚಿಹ್ನೆ ಹಾಕಿರೋ ಹಾಳೆ) ನೋಡ್ಕೊಂಡು ಕೆಲಸ ಮಾಡೋರು ದಯವಿಟ್ಟು ಓದಿ. ಹಿಂದುಗಡೆ ರಬ್ಬರ್ ಥರ ತುದಿ ಇರುತ್ತಲ್ಲ, ಉಜ್ಜಿದ್ರೆ ಅಳಿಸಿಹೋಗೋ ಪೆನ್ನು, ಹೈಲೈಟರ್ರು, ಅದರಲ್ಲಿ ಮಾತ್ರ ಗುರುತು ಹಾಕ್ಬೇಡಿ.

ಅಕ್ಕ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮನೆ ತಗೊಂಡ್ಳು, ಅವಳಿಗೆ ಅಂತ ನವಿಲಿಂದು ಒಂದು ಶುರು ಮಾಡಿದ್ದೆ. 14 ಕೌಂಟ್ ಐಡಾ ಬಟ್ಟೆ, ಅಂದ್ರೆ ಇಂಚಿಗೆ 14 ಚೌಕ, ಅಗಲ 140 ಎತ್ತರ 112 ಚೌಕ, ಮುಗಿದ್ರೆ 10 ಇಂಚು 8 ಇಂಚು ಅಷ್ಟೇ, ಆದ್ರೆ ತುಂಬ ಹಾಕಿದ್ರೆ 15,680 ಹೊಲಿಗೆ. ಕತ್ತಿನ ಹತ್ರ ನೀಲಿ ಹಸಿರು ಸೇರಿ ಏಳು ಶೇಡು, ಇಲ್ಲೆರಡು ಚೌಕ ಅಲ್ಲೊಂದು ಚೌಕ, ಕಾಳು ಚೆಲ್ಲಿದ ಹಾಗೆ. ನಮ್ಮತ್ತೆ ಕಸೂತಿ ಹಾಕ್ತಾರೆ, ಚಾರ್ಟೇ ಇಲ್ದೆ ಎಳೆ ಎಣಿಸಿ ಮೆಂತಿ ಹೊಲಿಗೆ ತುಂಬ್ತಾರೆ, ನನಗೆ ಅದು ಬರಲ್ಲ, ಹಾಕಿದ ಚೌಕಕ್ಕೆಲ್ಲ ಬಣ್ಣ ಬಳ್ಕೊಂಡೇ ಹೋಗ್ಬೇಕು. ತಪ್ಪಾಗಿ ಬಿಚ್ಚಿದಾಗ ಗುರುತೂ ಅಳಿಸ್ಬಹುದಲ್ಲ ಅಂತಾನೇ ಆ ಹೈಲೈಟರ್ ತಂದಿದ್ದು.

ಏಪ್ರಿಲ್‌ನಲ್ಲಿ ಬಳ್ಳಾರಿಗೆ ಮದುವೆಗೆ ಹೋದ್ವಿ, ಛತ್ರದ ಮುಂದೆ ಇಳಿಯೋವಾಗ ಚಾರ್ಟ್ ಡ್ಯಾಶ್‌ಬೋರ್ಡ್ ಮೇಲೇ ಬಿಟ್ಟೆ. ನಾಲ್ಕು ಗಂಟೆಗೆ ಬಂದು ನೋಡಿದ್ರೆ ಹಾಳೆ ಈಗಷ್ಟೇ ಪ್ರಿಂಟ್ ತೆಗೆಸಿದ ಹಾಗಿದೆ. ಕಪ್ಪು ಚಿಹ್ನೆಗಳೆಲ್ಲ ಹಾಗೇ ಇವೆ, ಹಳದಿ ಒಂದು ಚುಕ್ಕೆನೂ ಇಲ್ಲ.

ಆಮೇಲೆ ಗೊತ್ತಾಯ್ತು, ಈ ಇಂಕ್ ಅಳಿಸೋದು ರಬ್ಬರಿಗಲ್ಲ, ಉಜ್ಜಿದಾಗ ಹುಟ್ಟೋ ಬಿಸಿಗೆ. ಇಂಕಿನೊಳಗೆ ಬಣ್ಣದ ಪದಾರ್ಥ ಒಂದು, ಅದರ ಜೊತೆ ಸೇರಿ ಬಣ್ಣ ಕಾಣಿಸೋದು ಇನ್ನೊಂದು, 60 ಡಿಗ್ರಿ ಹತ್ರ ಹೋದ್ರೆ ಎರಡೂ ಬೇರೆ ಆಗ್ತವೆ. ನಮ್ಮ ಬಿಸಿಲಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯುತ್ತೆ. ಇಸ್ತ್ರಿ, ಲ್ಯಾಮಿನೇಷನ್‌ಗೂ ಅದೇ ಗತಿ.

ಮೈನಸ್ 10ಕ್ಕಿಂತ ಕೆಳಗೆ ತಣ್ಣಗಾದ್ರೆ ಬಣ್ಣ ವಾಪಸ್ ಬರುತ್ತೆ ಅಂದ್ರು. ಕವರಲ್ಲಿ ಹಾಕಿ ರಾತ್ರಿ ಫ್ರೀಜರಲ್ಲಿ ಬಟಾಣಿ ಪ್ಯಾಕೆಟ್ ಪಕ್ಕ ಇಟ್ಟೆ, ಬೆಳಗ್ಗೆ ಹಳದಿ ಬಂದಿತ್ತು, ಕಣ್ಣಲ್ಲಿ ನೀರೇ ಬಂತು. ಆದ್ರೆ ಬಿಚ್ಚಿದಾಗ ನಾನೇ ಅಳಿಸಿದ್ದ ಗುರುತೂ ಎಲ್ಲ ಎದ್ದು ಬಂದಿದೆ, ಅದು ಹೊಳೀಲೇ ಇಲ್ಲ. ಬಟ್ಟೆ ಮೇಲೆ ಹೊಲಿಗೆ ನಿಂತಿರೋದು ಒಂದು ಕಡೆ, ಚಾರ್ಟಲ್ಲಿ ಹಳದಿ ನಿಂತಿರೋದು ಎರಡು ಕಾಲಂ ಆಚೆ, ನಾನು ಹಳದಿ ನಂಬಿ ಮೂರು ಸಂಜೆ ಹಾಕಿದೆ, ನವಿಲಿನ ಕೊಕ್ಕು ಕತ್ತಿಗೆ ಕೂಡದೇ ಇದ್ದಾಗಲೇ ತಿಳಿದಿದ್ದು. ನಾನೂರು ಹೊಲಿಗೆ ಬಿಚ್ಚಿದೆ, ಬಿಚ್ಚಿದ ದಾರ ಜುಂಗು ಎದ್ದು ಮತ್ತೆ ಉಪಯೋಗಕ್ಕೂ ಬರ್ಲಿಲ್ಲ.

ಈಗ ಮೂಲ ಚಾರ್ಟ್ ಕಪಾಟಲ್ಲಿ, ಜೆರಾಕ್ಸ್ ಮೇಲೆ ಸಾದಾ ಹೈಲೈಟರ್. ದಿನಾ ಎದ್ದೇಳೋ ಮುಂಚೆ ಬಟ್ಟೆ ಚಾರ್ಟ್ ಎರಡೂ ಪಕ್ಕ ಇಟ್ಟು ಫೋಟೋ. ಚಾರ್ಟ್ ಇಟ್ಟು ಈಗಿನ ಸಾಲಿಗೆ ಪಟ್ಟಿ ಅಂಟಿಸೋ ಮ್ಯಾಗ್ನೆಟ್ ಬೋರ್ಡ್ ಒಳ್ಳೇದು, ಆದ್ರೆ ಬ್ಯಾಗಲ್ಲಿ ಪಟ್ಟಿ ಜಾರುತ್ತೆ, ಸಾಲಿನ ನಂಬರ್ ಪೆನ್ಸಿಲಲ್ಲಿ ಬರ್ದಿಡಿ. ಹೆಣೆಯೋರ ಚಾರ್ಟ್ ಕೆಳಗಿಂದ ಮೇಲಕ್ಕೆ ಹೋಗೋದ್ರಿಂದ ಪಟ್ಟಿ ಈಗಿನ ಸಾಲಿನ ಮೇಲ್ಗಡೆ ಇಡಿ, ಮುಗಿದ ಸಾಲು ಕಣ್ಣಿಗೆ ಕಾಣ್ತಿರ್ಬೇಕು, ತಪ್ಪಾಗಿದ್ರೆ ಅಲ್ಲೇ ಸಿಗುತ್ತೆ.

ಬಟ್ಟೆ ಮೇಲಂತೂ ಬಿಸಿಗೆ ಅಳಿಸೋ ಆ ಪೆನ್ ಮುಟ್ಟಿಸ್ಲೇಬೇಡಿ. ಎಣಿಸೋಕೆ ಹತ್ತು ಹತ್ತು ಚೌಕಕ್ಕೆ ಗೆರೆ ಬೇಕಂದ್ರೆ ಬೇರೆ ಬಣ್ಣದ ದಾರದಲ್ಲಿ ಉದ್ದ ಟಾಕಾ ಹಾಕಿ, ಆಮೇಲೆ ಎಳೆದುಬಿಡಿ. ನೀರಿಗೆ ಹೋಗೋ ನೀಲಿ ಪೆನ್ ಆದ್ರೆ ತೊಳೆಯೋಕೆ ಮುಂಚೆ ಇಸ್ತ್ರಿ ಮಾಡ್ಬಾರ್ದು, ಗೆರೆ ಬಟ್ಟೆಗೆ ಕೂತುಬಿಡುತ್ತೆ.

ಅಕ್ಕನ ಬಟ್ಟೆಗೆ ನಾನು ಆ ಬಿಸಿ ಪೆನ್ನಲ್ಲೇ ಗೆರೆ ಎಳೆದಿದೀನಿ. ಅದೇ ಗೆರೆ ಇರೋ ಮೂಲೆ ತುಂಡು ಕತ್ತರಿಸಿ ಇಸ್ತ್ರಿ ಮಾಡಿದೆ ಹೋಯ್ತು, ಫ್ರೀಜರಲ್ಲಿ ಇಟ್ಟೆ ಬಂತು, ಸೋಪಲ್ಲಿ ಎರಡು ಸಲ ತೊಳೆದು ಮತ್ತೆ ಇಟ್ಟೆ, ತೆಳ್ಳಗೆ ಇನ್ನೂ ಇದೆ. ಅವಳ ಊರಲ್ಲಿ ಜನವರೀಲಿ ಮೈನಸ್ 20 ಆಗುತ್ತೆ, ಪಾರ್ಸೆಲ್ ಬಾಗಿಲ ಹೊರಗೆ ಒಂದು ರಾತ್ರಿ ಬಿದ್ದಿದ್ರೆ ಸಾಕು. ಯಾರಿಗಾದ್ರೂ ಪೂರ್ತಿ ಹೋಗಿದ್ರೆ ಏನು ಹಾಕಿ ತೊಳೆದ್ರಿ ಅಂತ ಹೇಳಿ, ನವೆಂಬರ್ ಒಳಗೆ ಕಳಿಸ್ಬೇಕು.