ಆರು ವರ್ಷ ಪ್ಲಾಂಟ್‌ಯುಎಂಎಲ್ ಬಳಸಿದ ಮೇಲೆ

ತಂತ್ರಾಂಶ ವ್ಯವಸ್ಥೆಯ ವಿನ್ಯಾಸವನ್ನು ಚಿತ್ರಗಳಲ್ಲಿ ದಾಖಲಿಸಲು ನಮ್ಮ ತಂಡ ಪ್ಲಾಂಟ್‌ಯುಎಂಎಲ್ ಬಳಸತೊಡಗಿ ಆರು ವರ್ಷಗಳಾದವು. ಅದಕ್ಕೂ ಮುಂಚೆ ಮೌಸ್‌ನಿಂದ ಚೌಕಗಳನ್ನು ಎಳೆದು ಜೋಡಿಸುತ್ತಿದ್ದ ಕಾಲದಲ್ಲಿ ಚಿತ್ರಗಳು ಅಂದವಾಗಿಯೇ ಇದ್ದವು. ಆದರೆ ಕೋಡ್ ಬದಲಾದರೂ ಅವು ಬದಲಾಗುತ್ತಿರಲಿಲ್ಲವಾದ್ದರಿಂದ, ಹೊಸದಾಗಿ ಸೇರಿದವರಿಗೆ ಚಿತ್ರ ತೋರಿಸಿ "ಈಗ ಇದು ಹೀಗಿಲ್ಲ" ಎನ್ನುವುದೇ ರೂಢಿಯಾಗಿತ್ತು.

2009ರಿಂದ ಬಳಕೆಯಲ್ಲಿರುವ ಈ ಮುಕ್ತ ತಂತ್ರಾಂಶದಲ್ಲಿ ಚಿತ್ರವನ್ನು ಬಿಡಿಸುವುದಿಲ್ಲ, ಬರೆಯುತ್ತೇವೆ. ಎರಡು ಹೆಸರು, ನಡುವೆ ಒಂದು ಬಾಣ, ಮುಂದೆ ಒಂದು ವಿವರಣೆ, ಇಷ್ಟಿದ್ದರೆ ಒಂದು ಸಂಬಂಧ ಸಿದ್ಧ. ಕಡತ ಸಾದಾ ಪಠ್ಯವಾಗಿರುವುದರಿಂದ, ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಲ್ಲಿ ಕೋಡ್‌ನ ಪಕ್ಕದಲ್ಲೇ ಕೂರುತ್ತದೆ, ಮತ್ತು ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಅಲ್ಲಿಯೇ ಇದೆ. ಕಳೆದ ವರ್ಷ ಸಹೋದ್ಯೋಗಿಯೊಬ್ಬರ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆಯನ್ನು ಪರಿಶೀಲನೆಗೆ ಒಪ್ಪಿಸುವ ಕೋರಿಕೆಯಲ್ಲಿ) ಚಿತ್ರದ ಕಡತಕ್ಕೆ ಒಂದೇ ಒಂದು ಹೊಸ ಸಾಲು ಸೇರಿತ್ತು: ಆರ್ಡರ್ ಸರ್ವೀಸ್‌ನಿಂದ ಬಿಲ್ಲಿಂಗ್‌ನ ಡೇಟಾಬೇಸ್‌ಗೆ ನೇರ ಬಾಣ. ಬಿಲ್ಲಿಂಗ್ ಸರ್ವೀಸನ್ನು ಕೇಳದೆ ಅದರ ಕೋಷ್ಟಕಗಳನ್ನು ಏಕೆ ಮುಟ್ಟಬೇಕು ಎಂಬ ಪ್ರಶ್ನೆ ಆ ಸಾಲಿನಿಂದಲೇ ಎದ್ದಿತು. ನಾನೂರು ಸಾಲಿನ ಕೋಡ್ ಬದಲಾವಣೆಯೊಳಗೆ ಅದು ನನ್ನ ಕಣ್ಣಿಗಂತೂ ಬೀಳುತ್ತಿರಲಿಲ್ಲ.

ತಾಳ್ಮೆ ಪರೀಕ್ಷಿಸುವುದು ಚೌಕಗಳ ಜೋಡಣೆ. ಘಟಕಗಳ ಚಿತ್ರಗಳಲ್ಲಿ ಯಾವ ಚೌಕ ಎಲ್ಲಿರಬೇಕೆಂಬುದನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಪ್ಲಾಂಟ್‌ಯುಎಂಎಲ್ ಬಳಸುವ ಗ್ರಾಫ್‌ವಿಜ್ ಎಂಬ ಜೋಡಣೆಯ ತಂತ್ರಾಂಶ, ನಾವಲ್ಲ. ಬಾಣಕ್ಕೆ ಎಡ, ಬಲ ಎಂದು ದಿಕ್ಕು ಸೂಚಿಸಬಹುದು, ಕಾಣದ ಬಾಣಗಳನ್ನೂ ಹಾಕಬಹುದು; ಆದರೂ ಹದಿನೈದು ಚೌಕ ದಾಟಿದರೆ ಗೆರೆಗಳು ಒಂದರ ಮೇಲೊಂದು ಹಾಯ್ದು ಜೇಡರ ಬಲೆಯಾಗುತ್ತದೆ. ಸೈಮನ್ ಬ್ರೌನ್ ರೂಪಿಸಿದ ಸಿ4 ಮಾದರಿಯಂತೆ ಹಂತ ಹಂತವಾಗಿ ಚಿತ್ರಗಳನ್ನು ಒಡೆದ ಮೇಲೆ ಈ ಕಾಟ ಬಹಳ ಕಡಿಮೆಯಾಯಿತು. ಇಡೀ ವ್ಯವಸ್ಥೆಯ ನೋಟದಿಂದ ಕೋಡ್‌ನವರೆಗೆ ಇಳಿಯುವ ಅದರ ನಾಲ್ಕು ಹಂತಗಳಲ್ಲಿ ನಾವು ಬರೆಯುವುದು ಮೊದಲೆರಡನ್ನು ಮಾತ್ರ. ಯಾವುದರ ನಂತರ ಯಾವ ಸಂದೇಶ ಹೋಗುತ್ತದೆಂದು ತೋರಿಸುವ ಸೀಕ್ವೆನ್ಸ್ ಚಿತ್ರಗಳಿಗೆ ಗ್ರಾಫ್‌ವಿಜ್ ಬೇಕಿಲ್ಲ. ಅವುಗಳ ಬಗ್ಗೆ ನನಗೆ ಯಾವ ದೂರೂ ಇಲ್ಲ.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಒಂದು ಮಾತು. ಚಿತ್ರ ತಯಾರಾಗುವ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಪಿಎನ್‌ಜಿ ರೂಪದ ಚಿತ್ರಕಡತದಲ್ಲಿ ಅಕ್ಷರಗಳ ಬದಲು ಖಾಲಿ ಚೌಕಗಳು ಬರುತ್ತವೆ. ನಾವು ನೋಟೋ ಸಾನ್ಸ್ ಕನ್ನಡ ಹಾಕಿಕೊಂಡೆವು. ಹಾಗೆಯೇ, ಪಿಎನ್‌ಜಿಯ ಅಗಲ ಮತ್ತು ಎತ್ತರ ತಾನಾಗಿಯೇ 4096 ಪಿಕ್ಸೆಲ್‌ಗೆ ಸೀಮಿತವಾಗಿರುವುದರಿಂದ, ದೊಡ್ಡ ಚಿತ್ರದ ಅಂಚು ಕತ್ತರಿಸಿಹೋದರೆ ಗಾಬರಿಯಾಗದೆ ಆ ಮಿತಿಯನ್ನು ಹೆಚ್ಚಿಸಬೇಕು ಅಥವಾ ಎಷ್ಟು ಹಿಗ್ಗಿಸಿದರೂ ಮಸುಕಾಗದ ಎಸ್‌ವಿಜಿ ರೂಪ ಬಳಸಬೇಕು. ಪ್ಲಾಂಟ್‌ಯುಎಂಎಲ್‌ನ ಸಾರ್ವಜನಿಕ ಸರ್ವರ್ ಬಳಸಿದರೆ ಚಿತ್ರದ ಇಡೀ ಪಠ್ಯ ವೆಬ್ ವಿಳಾಸದಲ್ಲೇ ಅಡಕವಾಗಿ ಹೋಗುತ್ತದೆ, ಅದು ಗೂಢಲಿಪಿಯೇನಲ್ಲ. ಕಚೇರಿಯ ಕೆಲಸಕ್ಕೆ ಸ್ವಂತ ಸರ್ವರ್ ನಡೆಸುವುದೇ ಲೇಸು.

ಕೊನೆಯದಾಗಿ, ಇದು ಚಿತ್ರ ಬರೆಯುವ ಸಾಧನವೇ ಹೊರತು ಮಾದರಿಯನ್ನು, ಅಂದರೆ ಭಾಗಗಳು ಮತ್ತು ಅವುಗಳ ಸಂಬಂಧಗಳ ಒಂದೇ ದಾಖಲೆಯನ್ನು, ಕಾಯುವ ಸಾಧನವಲ್ಲ. ಒಂದೇ ಮಾದರಿಯಿಂದ ಹಲವು ನೋಟಗಳು ಬೇಕೆನ್ನುವವರು ಸ್ಟ್ರಕ್ಚರೈಸರ್ ಅಥವಾ ಆರ್ಕಿಮೇಟ್ ಎಂಬ ಚಿತ್ರಣ ಪದ್ಧತಿಯ ಆರ್ಚಿ ಎಂಬ ಸಾಧನಗಳನ್ನು ನೋಡಬಹುದು. ನಮ್ಮಲ್ಲಿ ಕಳೆದ ತಿಂಗಳು ಒಂದು ಸರ್ವೀಸ್‌ನ ಹೆಸರು ಬದಲಾದಾಗ ಹನ್ನೊಂದು ಕಡತಗಳನ್ನು ಹುಡುಕಿ ತಿದ್ದಿದೆವು. ಹನ್ನೆರಡನೆಯದು ಮೊನ್ನೆ ಸಿಕ್ಕಿತು.