ಎಸ್‌ಟಿಪಿ, ಆರ್‌ಎಸ್‌ಟಿಪಿ, ಎಂಎಸ್‌ಟಿಪಿ: ಕ್ಯೂರಿಂಗ್ ವರ್ಕ್ಸ್‌ಗೆ ಯಾವುದು?

ಚಿಕ್ಕಮಗಳೂರಿನ ನಿಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಆಫೀಸು, ಗೋದಾಮು, ವೇಬ್ರಿಡ್ಜ್‌ನ ನೆಟ್‌ವರ್ಕ್ ಸ್ವಿಚ್‌ಗಳನ್ನು ರಿಂಗ್ ಆಗಿ ಜೋಡಿಸಿದ್ದೀರಿ. ಒಂದು ಕೇಬಲ್ ಹೋದರೂ ಇನ್ನೊಂದು ದಾರಿ ಇರುತ್ತದೆ, ಒಳ್ಳೆಯದೇ. ಆದರೆ ಹೆಚ್ಚಿನ ದಾರಿಯನ್ನು ಮುಚ್ಚಿಟ್ಟು ಬೇಕಾದಾಗ ತೆರೆಯುವ ಸ್ಪ್ಯಾನಿಂಗ್ ಟ್ರೀ ಇಲ್ಲದಿದ್ದರೆ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವ ಸಂದೇಶ) ಸುತ್ತಿ ಸುತ್ತಿ ಇಡೀ ನೆಟ್‌ವರ್ಕ್ ನಿಂತುಬಿಡುತ್ತದೆ. ಎಸ್‌ಟಿಪಿ, ಆರ್‌ಎಸ್‌ಟಿಪಿ, ಎಂಎಸ್‌ಟಿಪಿ ಈ ಸ್ಪ್ಯಾನಿಂಗ್ ಟ್ರೀಯ ಮೂರು ಬಗೆಗಳು.

ವೇಗ ನೋಡಿದರೆ, ಹಳೆಯ ಎಸ್‌ಟಿಪಿ ದಾರಿ ಬದಲಿಸಲು 30ರಿಂದ 50 ಸೆಕೆಂಡ್ ಬೇಕು. ಸುಗ್ಗಿಯಲ್ಲಿ ಲಾರಿಗಳು ತೂಕಕ್ಕೆ ಸಾಲುಗಟ್ಟಿರುವಾಗ ಅಷ್ಟು ಹೊತ್ತು ಲಿಂಕ್ ಇಲ್ಲ ಅಂದರೆ ಕಷ್ಟ. 2001ರಲ್ಲಿ ಬಂದ ಆರ್‌ಎಸ್‌ಟಿಪಿಗೆ ಕೆಲವೇ ಸೆಕೆಂಡ್ ಸಾಕು, ಎಂಎಸ್‌ಟಿಪಿಯೂ ಅಷ್ಟೇ ಚುರುಕು. ಕಂಪ್ಯೂಟರ್, ಪ್ರಿಂಟರ್ ಇರುವ ಪೋರ್ಟ್‌ಗಳನ್ನು ಮಾತ್ರ ಎಡ್ಜ್ (ಆಚೆ ಬೇರೆ ಸ್ವಿಚ್ ಇಲ್ಲದ ತುದಿ) ಎಂದು ಗುರುತಿಸಲೇಬೇಕು. ಇಲ್ಲದಿದ್ದರೆ ಆರ್‌ಎಸ್‌ಟಿಪಿಯಲ್ಲೂ ಅವು ಸುಮಾರು 30 ಸೆಕೆಂಡ್ ಕಾಯುತ್ತವೆ.

ಸೆಟ್ಟಿಂಗ್‌ನಲ್ಲಿ ಎಂಎಸ್‌ಟಿಪಿ ತೊಡಕಿನದು. ರೀಜನ್ (ಒಂದೇ ಸೆಟ್ಟಿಂಗ್ ಇರುವ ಸ್ವಿಚ್‌ಗಳ ಗುಂಪು) ಹೆಸರು, ರಿವಿಷನ್ ಸಂಖ್ಯೆ, ವಿಎಲ್ಎಎನ್ (ನೆಟ್‌ವರ್ಕ್‌ನೊಳಗೆ ಬೇರ್ಪಡಿಸಿದ ಭಾಗ) ಹಂಚಿಕೆ ಮೂರೂ ಎಲ್ಲ ಸ್ವಿಚ್‌ಗಳಲ್ಲಿ ತಪ್ಪದೆ ಹೊಂದಬೇಕು. ಹೆಸರಲ್ಲಿ ಒಂದಕ್ಷರ ಬೇರೆಯಾದರೂ ಅದು ಬೇರೆ ರೀಜನ್. ಹತ್ತಾರು ವಿಎಲ್ಎಎನ್‌ಗಳನ್ನು ಎರಡು ಲಿಂಕ್‌ಗಳಿಗೆ ಹಂಚಬೇಕಾದ ಹಾಸನದ ದೊಡ್ಡ ಕಾಲೇಜಿಗೆ ಈ ಶ್ರಮ ಸಾರ್ಥಕ. ಮೂರು ಸ್ವಿಚ್‌ಗೆ ಆರ್‌ಎಸ್‌ಟಿಪಿಯೇ ಹಿತ.

ಗೋದಾಮಿನ ಸ್ವಿಚ್‌ಗೆ ಎಸ್‌ಟಿಪಿ ಮಾತ್ರ ಗೊತ್ತಿದ್ದರೆ ಅದನ್ನು ಹಾಗೇ ಬಿಡಿ. ಎದುರಿನ ಆರ್‌ಎಸ್‌ಟಿಪಿ ಪೋರ್ಟ್ ತಾನೇ ಹಳೆಯ ರೀತಿಗೆ ಇಳಿಯುತ್ತದೆ, ಆ ಲಿಂಕ್‌ನಲ್ಲಿ ವೇಗ ಸಿಗುವುದಿಲ್ಲ ಅಷ್ಟೇ.

ಯಾವುದನ್ನೇ ಆರಿಸಿ, ರೂಟ್, ಅಂದರೆ ದಾರಿಗಳ ಲೆಕ್ಕಕ್ಕೆ ಕೇಂದ್ರವಾಗುವ ಸ್ವಿಚ್, ಯಾವುದೆಂದು ನೀವೇ ಹೇಳಿ. ಪ್ರಯಾರಿಟಿ ಸಂಖ್ಯೆ ಕಡಿಮೆ ಇರುವುದೇ ರೂಟ್. ಎಲ್ಲದರ ಪ್ರಯಾರಿಟಿ 32768 ಇದ್ದರೆ ಕಡಿಮೆ ಮ್ಯಾಕ್ ವಿಳಾಸದ್ದೇ (ಸ್ವಿಚ್‌ನ ಗುರುತಿನ ಸಂಖ್ಯೆ) ರೂಟ್ ಆಗುತ್ತದೆ. ಅದು ಗೋದಾಮಿನ ಮೂಲೆಯ ಹಳೇ ಸ್ವಿಚ್ಚೇ ಆಗಿರಬಹುದು. ಆಫೀಸಿನದಕ್ಕೆ 4096 ಕೊಡಿ, ಎಡ್ಜ್ ಪೋರ್ಟ್‌ಗಳಿಗೆ ಬಿಪಿಡಿಯು ಗಾರ್ಡ್ (ಅಲ್ಲಿಗೆ ಸ್ವಿಚ್ ಸಿಕ್ಕಿಸಿದರೆ ಪೋರ್ಟ್ ಮುಚ್ಚುವ ಕಾವಲು) ಹಾಕಿ.