ಲೋಕಾಯುಕ್ತಕ್ಕೆ ದೂರು: ಅರ್ಜಿ ಸುಲಭ, ಕೆಳಗೆ ಹೆಸರು ಬರೆಯುವುದೇ ಕಷ್ಟ

"ನಿಮ್ಮ ಫೈಲು ಇನ್ನೂ ನಮ್ಮ ಟೇಬಲ್ ಮೇಲೇ ಇದೆ, ನೋಡ್ಕೊಳ್ಳಿ." ಬೆಂಗಳೂರಿನ ಕಚೇರಿಗಳಲ್ಲಿ ಬೆದರಿಕೆ ಅಂದರೆ ಹೆಚ್ಚಾಗಿ ಇಷ್ಟೇ, ಯಾರೂ ದನಿ ಏರಿಸುವುದೂ ಇಲ್ಲ. ಇದಕ್ಕೆ ಎದುರು ನಿಲ್ಲುವವರು ಹೋಗಬೇಕಾದ್ದು ವಿಧಾನಸೌಧ ಮೆಟ್ರೋ ನಿಲ್ದಾಣದಿಂದ ನಡೆದೇ ತಲುಪಬಹುದಾದ ಎಂ.ಎಸ್. ಬಿಲ್ಡಿಂಗಿನ ಲೋಕಾಯುಕ್ತ ಕಚೇರಿಗೆ. ಐದಕ್ಕೆ ಮೂರು ಅಂಕ ಕೊಡಬಹುದಾದ ಸೇವೆ.

ಇಲ್ಲಿ ಬಾಗಿಲು ಎರಡು, ಜನ ತಪ್ಪುವುದೂ ಇಲ್ಲೇ. ಕೆಲಸ ಸತಾಯಿಸಿದ್ದು, ಅಧಿಕಾರ ದುರುಪಯೋಗ ಇವುಗಳಿಗೆ 1984ರ ಲೋಕಾಯುಕ್ತ ಕಾಯ್ದೆಯ ದೂರು. ಲಂಚ ಕೇಳಿದ್ದಾರೆ, ಇನ್ನೂ ಕೊಟ್ಟಿಲ್ಲ ಅಂದರೆ ನೇರ ಲೋಕಾಯುಕ್ತ ಪೊಲೀಸ್. 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಪಾಲಾಗಿದ್ದ ಈ ಕೆಲಸ, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿದ ಮೇಲೆ ವಾಪಸ್ ಬಂತು.

ಮೊದಲ ಬಾಗಿಲಿಗೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಅಫಿಡವಿಟ್. ಧೈರ್ಯ ಬೇಕಾಗುವುದು ಎರಡನೆಯದಕ್ಕೆ. ತನಿಖೆಗೆ ತೆಗೆದುಕೊಂಡರೆ ದೂರಿನ ಪ್ರತಿ ಆ ಅಧಿಕಾರಿಗೇ ಹೋಗುತ್ತದೆ, ಉತ್ತರ ಕೊಡಲು ಅವರಿಗೆ ಅವಕಾಶವೂ ಇದೆ. ಹಾಗಾಗಿ ಬರೆಯುವಾಗಲೇ ಅವರು ಓದುತ್ತಾರೆ ಎಂದುಕೊಂಡು ಬರೆಯಿರಿ. 'ಮಹಾ ಭ್ರಷ್ಟ' ಅನ್ನುವ ಬೈಗುಳದಿಂದ ಮೂರು ಕಾಸಿನ ಉಪಯೋಗವಿಲ್ಲ. ಹುದ್ದೆ, ಅರ್ಜಿ ಕೊಟ್ಟ ತಾರೀಖು, ಸ್ವೀಕೃತಿ ಸಂಖ್ಯೆ, ಕೊಟ್ಟ ಹಿಂಬರಹ ಇಷ್ಟು ಸಾಕು. ಕೇಳಿದ ಸುದ್ದಿಯನ್ನು ಕಂಡದ್ದು ಅಂತ ಪ್ರಮಾಣ ಮಾಡಬೇಡಿ. ಸುಳ್ಳು ದೂರಿಗೆ ಇದೇ ಕಾಯ್ದೆಯಲ್ಲಿ ಜೈಲುಶಿಕ್ಷೆ ಇದೆ. ಕೆಲಸ ಸತಾಯಿಸಿದಂಥ ಕುಂದುಕೊರತೆಗೆ ವಿಷಯ ಗೊತ್ತಾದಂದಿನಿಂದ 6 ತಿಂಗಳು, ಅಧಿಕಾರ ದುರುಪಯೋಗದಂಥ ಆಪಾದನೆಗೆ ಘಟನೆ ನಡೆದಂದಿನಿಂದ 5 ವರ್ಷ ಗಡುವು. "ಕೆಲಸ ಆದಮೇಲೆ ನೋಡೋಣ" ಅಂತ ಕಾದವರ 6 ತಿಂಗಳು ಹಾಗೇ ಜಾರಿಹೋಗುತ್ತದೆ.

ಎರಡನೇ ಬಾಗಿಲು, ಅಂದರೆ ಲೋಕಾಯುಕ್ತ ಪೊಲೀಸ್, ಚುರುಕು. ಲಂಚ ಪಡೆಯುವಾಗಲೇ ಹಿಡಿಯಲು ಬಲೆ ಬೀಸುತ್ತಾರೆ. ದೂರುದಾರರು ತಂದ ನೋಟುಗಳ ನಂಬರನ್ನು ಪಂಚರ (ಸಾಕ್ಷಿಗೆ ಕರೆತಂದವರ) ಮುಂದೆ ಮಹಜರಿನಲ್ಲಿ ಬರೆದುಕೊಂಡು, ಫಿನಾಲ್ಫ್ತಲೀನ್ ಪುಡಿ ಸವರುತ್ತಾರೆ. ಹಣ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಆಗುತ್ತದೆ. ಆದರೆ ಗುಲಾಬಿ ನೀರೊಂದರಿಂದಲೇ ಕೇಸು ನಿಲ್ಲದು, ಕೇಳಿದ್ದು ಸಾಬೀತಾಗಬೇಕು. ಆದ್ದರಿಂದ ಆ ಅಧಿಕಾರಿ ಬಾಯಿಬಿಟ್ಟು ಕೇಳುವ ತನಕ ನೋಟು ಜೇಬಿನಿಂದ ತೆಗೆಯಬೇಡಿ, ಕೈ ಕುಲುಕಲೂ ಬೇಡಿ. ಪುಡಿ ಅಲ್ಲೇ ಅಂಟಿದರೆ ಆರೋಪಿ ಪರ ವಕೀಲರಿಗೆ ಹಬ್ಬ. ನೋಟುಗಳು ಮುದ್ದೆಮಾಲು, ಅಂದರೆ ಕೇಸಿಗಾಗಿ ಜಪ್ತಿಯಾದ ಮಾಲು, ಆಗುತ್ತವೆ, ಸಾಲ ತಂದು ಕೊಡುವವರು ಇದನ್ನು ಲೆಕ್ಕ ಹಾಕಿಕೊಳ್ಳಿ. ಒತ್ತಾಯಕ್ಕೆ ಮಣಿದು ಆಗಲೇ ಕೊಟ್ಟಾಗಿದ್ದರೆ 7 ದಿನದೊಳಗೆ ತಿಳಿಸಿದವರಿಗೆ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಮಿನಲ್ಲಿ ಲಂಚ ಕೊಟ್ಟ ಅಪರಾಧದಿಂದ ರಕ್ಷಣೆ ಇದೆ.

ಕೇಸು ಕೋರ್ಟಿಗೆ ಬರುವಷ್ಟರಲ್ಲಿ "ರಾಜಿ ಮಾಡ್ಕೊಳ್ಳಿ ಸಾರ್" ಎನ್ನುವವರು ಮನೆ ಬಾಗಿಲಿಗೆ ಬರುವುದುಂಟು. ದೂರುದಾರ ಕೋರ್ಟಿನಲ್ಲಿ ಮಾತು ಬದಲಿಸಿ ಪ್ರತಿಕೂಲ ಸಾಕ್ಷಿ ಆದರೂ ಬೇರೆ ಪುರಾವೆಗಳಿಂದ ಬೇಡಿಕೆ ಸಾಬೀತುಪಡಿಸಬಹುದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಒಬ್ಬರನ್ನು ಬಾಯಿ ಮುಚ್ಚಿಸಿ ಗೆಲ್ಲುವ ಆಟ ಈಗ ಅಷ್ಟು ಸಲೀಸಲ್ಲ.

ಎರಡು ಅಂಕ ಕಳೆದದ್ದು ರಕ್ಷಣೆಯ ವಿಷಯಕ್ಕೆ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಂತೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಪ್ರತ್ಯೇಕ ಅರ್ಜಿ ಕೊಡಬೇಕು. ದೂರಿನ ಜೊತೆ ಅದು ತಾನಾಗಿ ಬರುವುದಿಲ್ಲ. ಬೆದರಿಸಿದ ದಿನ, ಹೊತ್ತು, ಆಡಿದ ಮಾತು, ಬಂದ ಗಾಡಿಯ ನಂಬರ್ ಅಂದಂದೇ ಬರೆದಿಟ್ಟುಕೊಂಡು ಅರ್ಜಿಗೆ ಲಗತ್ತಿಸಿ. ಅದರ ಮೇಲೆ ಪೊಲೀಸರಿಂದ ಬೆದರಿಕೆ ವಿಶ್ಲೇಷಣಾ ವರದಿ ತರಿಸುವುದು ಆ ಸಮಿತಿಯ ಕೆಲಸ.